ಇಳಿದ ಗಾಂಧಾರವನ್ನು ಮುಚ್ಚಿಡದ ಖುಷ್ನುಮಾ

ಕೊಟ್ಟೂರಿನ ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಬೆಳಗಿನ ಐದೂವರೆ. ಮೊದಲ ಬಸ್ಸು ಹಾರ್ನ್ ಹೊಡೆಯುವುದರೊಳಗೆ ಒಂದಿಷ್ಟು ಕೆಲಸ ಮುಗಿಸಬೇಕೆಂದು ಖುಷ್ನುಮಾ ಹಾರ್ಮೋನಿಯಂ ಬಿಚ್ಚಿಕೊಂಡು ಕೂತಿದ್ದಾಳೆ. ಸ್ವರ ಹೊರಡಿಸುವ ಹಿತ್ತಾಳೆಯ ರೀಡನ್ನು ಕೂದಲೆಳೆಯಷ್ಟು ಕೆರೆಯುತ್ತಾಳೆ, ತಿದಿ ಒತ್ತಿ ಕೇಳುತ್ತಾಳೆ. ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. "ಊರು ಎದ್ದಮ್ಯಾಲೆ ಕಿವಿ ಸುಳ್ಳು ಹೇಳ್ತಾವ್ರಿ," ಎಂದು ಭೇಟಿಗೆ ಹೋದ ನಮಗೆ ಹೇಳುತ್ತಾಳೆ.

ಅಪ್ಪ ಜಮಾಲುದ್ದೀನರದು ಮೂವತ್ತೈದು ವರ್ಷದ ರಿಪೇರಿ ಅಂಗಡಿ. ಕೂಡ್ಲಿಗಿಯಿಂದ ಹಡಗಲಿವರೆಗಿನ ಭಜನೆ ಮೇಳಗಳ ಹಾರ್ಮೋನಿಯಂ ಪೆಟ್ಟಿಗೆಗಳೆಲ್ಲ ಇಲ್ಲಿಗೇ ಬರುತ್ತವೆ. ಒಂದೊಂದರಲ್ಲಿ ಎಂಬತ್ತನಾಲ್ಕು ರೀಡು. ಬೆಳಗಿನ ಎರಡು ತಾಸಿನಲ್ಲಿ ಇಪ್ಪತ್ತು ಮುಗಿದರೆ ಅದೇ ದೊಡ್ಡದು. "ಹೆಣ್ಣು ನೋಡಾಕ ಬಂದವ್ರೂ ನಮ್ಮ ಪೆಟ್ಟಿಗಿ ಆತೇನು ಅಂತ ಕೇಳಿ ಹೋಗ್ತಾರ," ಎಂದು ತಾಯಿ ಜುಬೇದಾ ಬೀ ಛೇಡಿಸುತ್ತಾರೆ.

ಇಪ್ಪತ್ಮೂರರ ಖುಷ್ನುಮಾ ಸಂಜೆ ಬಸ್ಸು ಹತ್ತಿ ಕಛೇರಿ ಕೇಳಲು ಹೋಗುತ್ತಾಳೆ, ಸ್ಥಳೀಯ ವಾರಪತ್ರಿಕೆಗೆ ವಿಮರ್ಶೆ ಬರೆಯುತ್ತಾಳೆ. ಓಣಿಯವರಿಗೆ ಇದು ಗೊತ್ತೇ ಇಲ್ಲ. ಈಗ ಶಾಸ್ತ್ರೀಯ ಸಂಗೀತದ ಯುವ ವಿಮರ್ಶಕರಿಗೆ ಕೊಡುವ ಪ್ರಶಸ್ತಿಯೊಂದರ ಕೊನೆಯ ಐವರಲ್ಲಿ ಅವಳೂ ಒಬ್ಬಳು. ಮೂರು ವಿಮರ್ಶೆ ಕಳಿಸಬೇಕಿತ್ತು. ಗೆದ್ದವರ ಬರಹ ಪುಸ್ತಕವಾಗುತ್ತದೆ.

ಅವಳು ಬರೆದದ್ದರಲ್ಲಿ ಎಲ್ಲಕ್ಕಿಂತ ಚೆನ್ನಾಗಿರುವುದನ್ನೇ ಕಳಿಸಲು ಹಿಂಜರಿದಳು. ಹೋದ ವರ್ಷ ಹರಪನಹಳ್ಳಿಯ ಕಛೇರಿಯ ಬಗ್ಗೆ ಹೀಗೆ ಬರೆದಿದ್ದಳು: "ಹಾರ್ಮೋನಿಯಂನ ಮೇಲಿನ ಗಾಂಧಾರ ಇಳಿದಿತ್ತು. ಆ ಸ್ವರ ಬಂದಾಗಲೆಲ್ಲ ಗಾಯಕರು ಪೆಟ್ಟಿಗೆಯ ಕೈಬಿಟ್ಟು ತಂಬೂರಿಯನ್ನು ನಂಬಿದರು." ಆ ಪೆಟ್ಟಿಗೆಯನ್ನು ಹಿಂದಿನ ವಾರವಷ್ಟೇ ರಿಪೇರಿ ಮಾಡಿಕೊಟ್ಟವರು ಅಪ್ಪ. ಪತ್ರಿಕೆ ಓದಿದ, ಅದನ್ನು ರಿಪೇರಿ ಮಾಡಿದವರು ಯಾರೆಂದು ಬಲ್ಲ ಹಿರೇಹಡಗಲಿಯ ಪಾಲಾಕ್ಷ, ರಿಪೇರಿಗೆ ಬಿಟ್ಟಿದ್ದ ತಮ್ಮ ಮೇಳದ ಪೆಟ್ಟಿಗೆಯನ್ನು ಹಾಗೇ ಹೊತ್ತೊಯ್ದರು.

ಅಪ್ಪ ನಾಲ್ಕು ದಿನ ಮುಗಿಸಿದ ಪೆಟ್ಟಿಗೆಗಳನ್ನೇ ಮತ್ತೆ ಬಿಚ್ಚಿ ಕೇಳಿದರು. ಐದನೆಯ ಬೆಳಿಗ್ಗೆ ಪೆಟ್ಟಿಗೆಯೊಂದನ್ನು ಅವಳ ಮುಂದಿಟ್ಟರು: "ನನ್ನ ಕಿವಿಗೆ ವಯಸ್ಸಾತು ಬೇಟಿ. ಕಡೀಗೆ ನೀ ಒಮ್ಮೆ ಕೇಳಿ ಕೊಡು." ಅಂದಿನಿಂದ ಅವಳು ಕೇಳದೆ ಯಾವ ಪೆಟ್ಟಿಗೆಯೂ ಹೊಸ್ತಿಲು ದಾಟಿಲ್ಲ. ಪಾಲಾಕ್ಷರೂ ಮರಳಿ ಬಂದಿದ್ದಾರೆ.

ಆದರೂ ಅಪ್ಪನ ತಪ್ಪನ್ನು ಮತ್ತೆ ಪುಸ್ತಕಕ್ಕೆ ಹಾಕುವುದೇ? ಅವಳು ಆ ವಿಮರ್ಶೆಯನ್ನು ಎತ್ತಿಟ್ಟು, ಸಪ್ಪೆ ವಿಮರ್ಶೆಯೊಂದನ್ನು ಲಕೋಟೆಗೆ ತುರುಕಿದಳು. ಮೊನ್ನೆ ಜಮಾಲುದ್ದೀನರು ಅದನ್ನು ತೆಗೆದು ಓದಿ ಪಕ್ಕಕ್ಕಿಟ್ಟರು.

"ಹರಪನಹಳ್ಳೀದು ಎಲ್ಲೈತಿ?"

"ಎಲ್ಲಾರೂ ಓದ್ತಾರ, ಅಬ್ಬಾ."

"ಓದ್ಲಿ ಬಿಡು. ರಿಪೇರಿ ಮಾಡಿದಾಂವ ನಮ್ಮಪ್ಪ ಅಂತ ಕೆಳಗ ಬರಿ. ಕೇಳಾಕ ಕಲಿಸಿದಾಂವನೂ ಅವನ ಅಂತ ಬರಿ."

"ಎರಡೂ ಬರದು ನಿನ್ನೆ ಪೋಸ್ಟ್ ಮಾಡೀನ್ರಿ," ಎಂದು ಈಗ ನಮಗೆ ಹೇಳುವಾಗ ಖುಷ್ನುಮಾಳ ದನಿ ಗಟ್ಟಿಯಾಗಿದೆ. ಅಷ್ಟರಲ್ಲಿ ಮೊದಲ ಬಸ್ಸಿನ ಹಾರ್ನ್, ರೀಡನ್ನು ಕೆಳಗಿಡುತ್ತಾಳೆ. "ಪ್ರಶಸ್ತಿ ಬಂದ್ರ ಅಬ್ಬಾನ್ನ ಮುಂದಿನ ಸಾಲಿನ್ಯಾಗ ಕುಂದ್ರಿಸ್ತೀನಿ. ಅಲ್ಲಿ ಕಛೇರ್ಯಾಗ ಯಾವುದಾದ್ರೂ ಪೆಟ್ಟಿಗಿ ಸ್ವರ ಇಳಿದಿದ್ರ, ನನಗಿಂತ ಮೊದಲು ಅವರು ಹೇಳ್ಬೇಕು. ಅಷ್ಟ ನನ್ನ ಆಸಿ."