ಮೊದಲು ಹಾಲಿನ ದುಡ್ಡು

ಎಪ್ಪತ್ತರ ದಶಕದ ಆರಂಭದಲ್ಲಿ ಒಂದು ಮೇ ತಿಂಗಳು ನನ್ನವರು ಕೆಲಸ ಮಾಡುತ್ತಿದ್ದ ಕಾರ್ಖಾನೆಗೆ ಬೀಗ ಬಿತ್ತು. ಅವರು ಅಲ್ಲಿ ಲೇಥ್ ಮೆಷಿನ್ ನಡೆಸುತ್ತಿದ್ದರು. ಸಂಬಳ ಮುನ್ನೂರು ರೂಪಾಯಿ. ಮುಂಬಯಿಯ ಆಂಟಾಪ್ ಹಿಲ್‌ನ ಒಂದು ಬಿಲ್ಡಿಂಗಿನ ಎರಡನೇ ಮಾಳಿಗೆಯಲ್ಲಿ ನಮ್ಮದು ಒಂದೇ ಕೋಣೆಯ ಖೋಲಿ. ಮಗಳು ಎರಡನೇ ಕ್ಲಾಸಿನಲ್ಲಿದ್ದಳು.

ಮೊದಲ ತಿಂಗಳು ಅವರು ದಿನವೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೆಲಸ ಹುಡುಕಲು ಹೊರಟರು. ಎರಡನೇ ತಿಂಗಳು ಹೊರಡುವುದನ್ನೇ ಬಿಟ್ಟರು. "ಮುನ್ನೂರು ಕೊಡುವವರು ಯಾರೂ ಇಲ್ಲ" ಎಂದರು. ಕಡಿಮೆಗೆ ಕರೆದಲ್ಲಿಗೆ ಹೋಗಲಿಲ್ಲ. ಗೋಡೆಗೆ ಒರಗಿ ಕೂತುಬಿಡುತ್ತಿದ್ದರು. ನನ್ನ ತಲೆಯಲ್ಲೂ ಅದೇ ಮುನ್ನೂರು. ಏಳನೇ ಕ್ಲಾಸು ಓದಿದವಳು, ಹಿಂದಿ ಅಷ್ಟಕ್ಕಷ್ಟೇ. ನನ್ನಿಂದ ಅಷ್ಟು ದುಡ್ಡು ಎಲ್ಲಿಂದ ಬರಬೇಕು?

ಪಕ್ಕದ ಖೋಲಿಯಲ್ಲಿ ಧಾರವಾಡದ ಕಡೆಯ ಅಕ್ಕ ಇದ್ದರು. ಗಂಡ ತೀರಿಕೊಂಡ ಮೇಲೆ ಜೋಳದ ರೊಟ್ಟಿ ಬಡಿದು ಮಾರಿ ಇಬ್ಬರು ಮಕ್ಕಳನ್ನು ಓದಿಸಿದವರು. ಒಂದು ಬೆಳಿಗ್ಗೆ ನಲ್ಲಿಯಲ್ಲಿ ನೀರು ಹಿಡಿಯುವಾಗ ನನ್ನ ಮುಖ ನೋಡಿ ಏನೆಂದು ಕೇಳಿದರು. ಎಲ್ಲ ಹೇಳಿಬಿಟ್ಟೆ.

"ಮುನ್ನೂರು ಮುನ್ನೂರು ಅಂತ ಕುಂತ್ರ ಹಂಗ ಕುಂದರಬೇಕಾಗ್ತದ ತಂಗಿ," ಅಂದರು. "ನಿಮ್ಮ ಮನ್ಯಾಗ ಹಾಲಿಗೆ ಎಷ್ಟ ಬೇಕು?"

"ತಿಂಗಳಿಗೆ ಹದಿನೈದು."

"ಹಂಗಾದ್ರ ಈ ತಿಂಗಳ ಹಾಲಿನ ರೊಕ್ಕ ಅಷ್ಟ ದುಡಿ. ಬಾಡಿಗಿ, ರೇಷನ್ ಎಲ್ಲಾ ಆಮ್ಯಾಲೆ ನೋಡೂಣು."

"ಏನು ಮಾಡಿ ದುಡಿಯುವುದು ಅಕ್ಕ?"

"ನಿನ್ನ ಇಡ್ಲಿ ನಾ ತಿಂದೀನಲ್ಲ," ಎಂದು ಕೊಡ ಎತ್ತಿಕೊಂಡು ಹೋದರು.

ಊರಿನಿಂದ ತಂದ ಕಡೆಯುವ ಕಲ್ಲು ಮನೆಯಲ್ಲಿತ್ತು. ನಾಲ್ಕನೇ ಮಾಳಿಗೆಯಲ್ಲಿದ್ದ ತಮಿಳು ಟೀಚರ್ ಒಬ್ಬರಿಗೆ ಇಡ್ಲಿ ಬೇಕು, ಅಕ್ಕಿ ಉದ್ದು ಕಡೆಯಲು ಪುರುಸೊತ್ತಿಲ್ಲ. ನಾಚಿಕೆ ಬದಿಗಿಟ್ಟು ಹೋಗಿ, ಹಿಟ್ಟು ಕಡೆದು ಕೊಡಲೇ ಎಂದು ಕೇಳಿದೆ. ಅವರು ಒಪ್ಪಿದರು, ಇನ್ನೆರಡು ಮನೆಗಳಿಗೂ ಹೇಳಿದರು. ದಿನ ಬಿಟ್ಟು ದಿನ ಮೂರು ಮನೆಗೆ ಹಿಟ್ಟು. ತಿಂಗಳ ಕೊನೆಗೆ ಹಾಲಿನ ದುಡ್ಡು ನನ್ನ ಕೈಯಲ್ಲಿತ್ತು. ಅಂದು ಮಗಳ ಲೋಟಕ್ಕೆ ಹಾಲು ಸುರಿಯುವಾಗ ಆದ ಸಮಾಧಾನವನ್ನು ಹೇಗೆ ಹೇಳಲಿ.

ನನ್ನವರು ಮಾತ್ರ, ನಾನು ಪಾತ್ರೆ ಹಿಡಿದು ಮೆಟ್ಟಿಲು ಹತ್ತುವಾಗ ಕಿಟಕಿಯ ಕಡೆ ತಿರುಗಿಕೊಳ್ಳುತ್ತಿದ್ದರು.

ಮುಂದಿನ ಗುರಿ ಬಾಡಿಗೆ. ಅದಕ್ಕೆ ಇನ್ನೂ ಏಳೆಂಟು ಮನೆ ಬೇಕು, ಅಂದರೆ ಮಧ್ಯಾಹ್ನವೂ ಕಡೆಯಬೇಕು. ಎರಡೇ ದಿನ ಆಗಿತ್ತು, ಕೆಳಗಿನ ಮಾಳಿಗೆಯ ಮರಾಠಿ ಗೃಹಸ್ಥರು ಬಂದು ಬಾಗಿಲಲ್ಲಿ ನಿಂತರು. ರಾತ್ರಿ ಪಾಳಿ ಮುಗಿಸಿ ಮಧ್ಯಾಹ್ನ ಮಲಗುವವರು. ಜಗಳವಾಡಲಿಲ್ಲ. ಕಲ್ಲಿನ ಸದ್ದಿಗೆ ನಿದ್ದೆ ಬರುತ್ತಿಲ್ಲ ಎಂದು ಹೇಳಿ ಹೋದರು. ನಾನು ಕಲ್ಲು ಬಿಟ್ಟು ಎದ್ದೆ. ಮೂರು ಮನೆಯಲ್ಲೇ ನಿಂತಿತು ಅಂದುಕೊಂಡೆ.

ನನ್ನವರು ಬಗ್ಗಿ ಕಲ್ಲಿನ ಅಡಿಯನ್ನು ನೋಡಿದರು, ಗೇಣು ಹಾಕಿ ಅಳೆದರು. "ಧಾರಾವಿಗೆ ಹೋಗಿ ಬರುತ್ತೇನೆ" ಎಂದು ಚಪ್ಪಲಿ ಮೆಟ್ಟಿದರು. ಎಷ್ಟೋ ವಾರಗಳ ಮೇಲೆ ಅವರು ಮನೆಯಿಂದ ಹೊರಗೆ ಕಾಲಿಟ್ಟದ್ದು ಅವತ್ತೇ.

ಸಂಜೆ ದಪ್ಪ ರಬ್ಬರಿನ ತುಂಡುಗಳನ್ನು ಹೊತ್ತು ಬಂದರು. ಕಲ್ಲಿನಡಿಗೆ ಒಂದರ ಮೇಲೊಂದು ಜೋಡಿಸಿ, ತಾವೇ ಕುಳಿತು ಗುಂಡು ತಿರುಗಿಸಿ, ಮಗಳನ್ನು ಕೆಳಗೆ ಕಳಿಸಿ ಸದ್ದು ಕೇಳುತ್ತದೆಯೇ ಎಂದು ವಿಚಾರಿಸಿದರು. ಇಲ್ಲ ಎಂದಳು.

ಆಮೇಲೆ ನನ್ನ ಕಡೆ ನೋಡದೆ ಹೇಳಿದರು: "ರಬ್ಬರು ಕೊಟ್ಟ ಕಡೆ ಒಂದು ಹಳೇ ಲೇಥ್ ಇದೆ. ಕೆಟ್ಟು ನಿಂತಿತ್ತು, ಸರಿ ಮಾಡಿಕೊಟ್ಟೆ. ಬೆಳಗ್ಗೆ ಅರ್ಧ ದಿನ ಬಾ ಅಂದಿದ್ದಾರೆ."

"ಎಷ್ಟು ಕೊಡುತ್ತಾರೆ?"

"ದಿನಕ್ಕೆ ನಾಲ್ಕು ರೂಪಾಯಿ."

ಅದರ ಎರಡರಷ್ಟು ಕೊಡುತ್ತೇನೆಂದವರನ್ನೂ ಬೇಡವೆಂದು ಬಂದಿದ್ದ ಮನುಷ್ಯ. ನಾನು "ರೇಷನ್ನಿಗೆ ಆಯಿತಲ್ಲ" ಎಂದೆ. "ಆಯಿತು" ಎಂದರು. ಅವರ ಮುಖದಲ್ಲಿ ಬಹಳ ದಿನದ ಮೇಲೆ ಒಂದು ಸಣ್ಣ ನಗು ಬಂತು.

ದೀಪಾವಳಿಯ ಹೊತ್ತಿಗೆ ಹನ್ನೊಂದು ಮನೆಗಳಾದವು. ಮೇಲಿನ ಮಾಳಿಗೆಗಳಿಗೆ ಪಾತ್ರೆ ನನ್ನವರೇ ಒಯ್ಯುತ್ತಿದ್ದರು. ಟೀಚರ್ ಇವರಿಗೆ ಕಾಫಿ ಕೊಟ್ಟು ಕೂರಿಸಿ ಮಾತಾಡಿಸುತ್ತಿದ್ದರಂತೆ. ಬಾಡಿಗೆಗೆ ಆಯಿತು, ಮಗಳ ಫೀಸಿಗೂ ಆಯಿತು. ಇಬ್ಬರದ್ದೂ ಸೇರಿಸಿದರೂ ಮುನ್ನೂರು ಆಗುತ್ತಿರಲಿಲ್ಲ. ಆದರೂ ಆ ಸಂಖ್ಯೆ ನಮ್ಮ ಮಾತಿನಲ್ಲಿ ಬರುವುದೇ ನಿಂತುಹೋಗಿತ್ತು.

ಮರುವರ್ಷ ಕಾರ್ಖಾನೆ ತೆರೆದು ಅವರಿಗೆ ಕರೆ ಬಂತು. ಅವರು ಹೋದರು. "ಇನ್ನು ನೀನು ಕಡೆಯುವುದು ಬೇಡ" ಎಂದರು. ನಾನು ಒಪ್ಪಲಿಲ್ಲ. ಮಗಳು ಹೈಸ್ಕೂಲು ಮುಗಿಸುವವರೆಗೂ ಆ ಮನೆಗಳಿಗೆ ಹಿಟ್ಟು ಕೊಟ್ಟೆ.