ಹಡಗು ಹೊರಟ ದಿನದ ಒಗೆತ

ಪೆಂಬ್ರೋಕ್ ಡಾಕ್ ಎಂಬ ಹಡಗು ಕಟ್ಟುವ ಊರಿನಲ್ಲಿ ಗಂಡ ಹಡಗಿನಲ್ಲಿ ಹೊರಟ ದಿನ ಹೆಂಡತಿ ಬಟ್ಟೆ ಒಗೆಯುವುದಿಲ್ಲ. ಒಗೆದರೆ ಗಂಡನನ್ನೇ ತೊಳೆದು ಕಳಿಸಿದ ಹಾಗೆ. ಮಾರ್ಗೆಡ್‌ಗೆ ಇದು ಗೊತ್ತಿರಲಿಲ್ಲವೆಂದಲ್ಲ. ಊರವರ ಬಟ್ಟೆ ಒಗೆದೇ ಹೊಟ್ಟೆ ಹೊರೆಯುವವಳಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರಬೇಕು?

ಅವಳ ಗಂಡ ಈವಾನ್ ‘ಕೊರಿನ್ನಾ’ ಹಡಗಿನ ಉಕ್ಕಿನ ತಗಡುಗಳಿಗೆ ರಿವೆಟ್ ಮೊಳೆ ಬಡಿದವನು. ಮರದ ಹಡಗು ಕಟ್ಟಿಯೇ ಮುದುಕರಾದ ಬಡಗಿಗಳು ಆ ಉಕ್ಕಿನ ಯುದ್ಧನೌಕೆ ನೋಡಿ, “ಬಾಣಲೆ ತೇಲಿಸ್ತಾರಂತೆ!” ಎಂದು ನಗುತ್ತಿದ್ದರು. ಈವಾನ್‌ಗೆ ಮಾತ್ರ ಅದೆಂದರೆ ಪ್ರಾಣ. ಕಟ್ಟಿ ಮುಗಿದ ಮೇಲೂ ಬಿಟ್ಟಿರಲಾರದೆ, ಅದರ ಬಾಯ್ಲರ್‌ಗೆ ಕಲ್ಲಿದ್ದಲು ಹಾಕುವ ಕೆಲಸಕ್ಕೆ ಸೇರಿಕೊಂಡ.

“ಮಂಗಳವಾರ ಹೊರಡ್ತೀವಿ. ಅವತ್ತು ತೊಟ್ಟಿ ಮುಟ್ಬೇಡ ಕಣೇ,” ಎಂದ.

“ನಿನ್ನ ಮಸಿ ಅಂಗಿ ಒಗೆಯೋ ಕಷ್ಟ ತಪ್ತಲ್ಲ, ಹೋಗು,” ಎಂದು ನಕ್ಕಳು.

ಈವಾನ್ ಭಾನುವಾರವೇ ಹಡಗು ಸೇರಿಕೊಂಡಿದ್ದ. ಹವೆ ಕೆಡುವ ಸೂಚನೆ ಕಂಡು ಅದು ಸೋಮವಾರವೇ ಹೊರಟುಬಿಟ್ಟಿತು. ಅದರ ಕೂಗು ಮಾರ್ಗೆಡ್‌ಗೂ ಕೇಳಿಸಿತ್ತು. ಬೇರೆ ಯಾವುದೋ ಎಂದುಕೊಂಡು, ಮೊಣಕೈವರೆಗೆ ಸೋಪಿನ ನೊರೆ ಮಾಡಿಕೊಂಡು ಒಗೆಯುತ್ತಲೇ ಇದ್ದಳು.

ಸ್ಪೇನಿನ ಆಚೆ ಹಬೆಯ ಕೊಳವೆ ಒಡೆದು ಈವಾನ್ ಸತ್ತ. ಹೆಣವನ್ನು ಕಡಲಿಗೇ ಬಿಟ್ಟರು. ಅತ್ತೆ ಹ್ಯಾನ ಬಾಗಿಲಲ್ಲೇ ನಿಂತು, “ನನ್ನ ಮಗನ್ನ ನೀನೇ ಒಗೆದು ಕಳಿಸ್ದೆ,” ಎಂದಳು. ಸೋಪಿನ ನೀರಿಗೆ ಉಕ್ಕಿನ ಕೊಳವೆ ಒಡೆಯುತ್ತದೆಯೇ ಎಂದು ಕೇಳುವ ಒಬ್ಬ ಪುಣ್ಯಾತ್ಮನೂ ಆ ಬೀದಿಯಲ್ಲಿರಲಿಲ್ಲ. ಮಾರ್ಗೆಡ್ ಕೂಡ ಕೇಳಿಕೊಳ್ಳಲಿಲ್ಲ, ನಂಬಿಬಿಟ್ಟಳು. ಅಲ್ಲಿಂದಾಚೆಗೆ ಯಾರ ಹಡಗು ಹೊರಟರೂ ಅವಳ ತೊಟ್ಟಿ ಒಣಗಿರುತ್ತಿತ್ತು. ಈವಾನ್ ಬಿಟ್ಟುಹೋದ ಮಸಿ ಅಂಗಿಯನ್ನಂತೂ ಒಗೆಯಲೇ ಇಲ್ಲ. ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದಳು. ಅದರಲ್ಲಿ ಅವನ ಬೆವರಿನ ವಾಸನೆಯಿತ್ತು.

ಕೊರಿನ್ನಾ ಮಾತ್ರ ಮುದಿಯಾಗಿ ತಿರುಗಿ ಬಂತು. ತುಕ್ಕು ಹಿಡಿದು, ವರ್ಷಗಟ್ಟಲೆ ಅವಳ ಕಿಟಕಿಯೆದುರೇ ನಿಂತು ಹೊಟ್ಟೆ ಉರಿಸಿತು. ಕೊನೆಗೆ ಗುಜರಿಯವರು ಅದನ್ನು ಎಳೆದೊಯ್ಯಲು ಬಂದ ಬೆಳಿಗ್ಗೆ, ಪಕ್ಕದ ಮನೆಯ ಲೆಟಿಸ್ ಬೇಲಿಯಾಚೆಯಿಂದ ಕೂಗಿದಳು:

“ಅಯ್ಯೋ ಮಾರ್ಗೆಡಕ್ಕಾ, ಇವತ್ತು ಒಗೀತಿದೀಯಾ? ಹಡಗು ಹೊರಡ್ತಿದೆ!”

“ಗೊತ್ತು ಕಣೇ. ಅದಕ್ಕೇ ಒಗೀತಿದೀನಿ. ಹಾಳಾದ್ದು ಇನ್ನೊಂದ್ಸಲ ತಿರುಗಿ ಬರಬಾರ್ದು.”

ತೊಟ್ಟಿಯಲ್ಲಿದ್ದದ್ದು ಈವಾನ್‌ನ ಅಂಗಿ. ಮಸಿ ಬಿಡುವವರೆಗೆ ಕುಕ್ಕಿ ಕುಕ್ಕಿ ಒಗೆದಳು. ಅಷ್ಟರಲ್ಲಿ ಹಡಗು ಕೊಲ್ಲಿಯ ತಿರುವಿನಲ್ಲಿ ಮರೆಯಾಯಿತು. ಮನಸ್ಸು ಹಗುರಾದಂತಾಗಿ, ಹಿಂಡಿದ ಅಂಗಿಯನ್ನು ಅಭ್ಯಾಸದಂತೆ ಮೂಗಿಗೆ ಒತ್ತಿಕೊಂಡಳು. ಬರೀ ಸೋಪಿನ ವಾಸನೆ.

ತೊಟ್ಟಿಯ ಪಕ್ಕ ಕುಸಿದಳು. “ಲೆಟಿಸ್, ಈ ಸಲ ನಿಜವಾಗ್ಲೂ ಅವನ್ನ ನಾನೇ ಒಗೆದು ಕಳಿಸ್ದೆ ಕಣೇ,” ಎಂದು ಬಿಕ್ಕಿ ಬಿಕ್ಕಿ ಅತ್ತಳು.