ಥರ್ಮಿಟ್ ಮತ್ತು ಒಂದು ಬಕೆಟ್ ಮರಳು

೧೯೭೮ರ ಜೂನ್‌ನಲ್ಲಿ ನಾನು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕನಾಗಿ ಹೊಸನಗರಕ್ಕೆ ಬಂದೆ. ನನ್ನ ಹುಟ್ಟೂರು ಚಳ್ಳಕೆರೆ ಕಡೆಯದು. ಮಳೆಯನ್ನು ಆಕಾಶ ನೋಡಿ ಬೇಡಿಕೊಳ್ಳುವ ಊರಿನಿಂದ ಬಂದವನಿಗೆ ಇಲ್ಲಿ ಮೊದಲ ತಿಂಗಳಲ್ಲೇ ಚಪ್ಪಲಿಗೆ ಬೂಷ್ಟು ಬಂತು, ಟ್ರಂಕಿನ ಬೀಗಕ್ಕೆ ತುಕ್ಕು ಹಿಡಿಯಿತು, ಉಪ್ಪಿನ ಡಬ್ಬಿಯಲ್ಲಿ ನೀರು ನಿಂತಿತು. ನಾನು ಬಯಲುಸೀಮೆಯವನು ಎನ್ನುವುದು ಮುಂದೆ ನಡೆದದ್ದಕ್ಕೆ ಒಂದು ಕಾರಣ. ಅದಕ್ಕೇ ಮೊದಲು ಹೇಳಿಬಿಟ್ಟೆ.

ಬಸ್‌ಸ್ಟ್ಯಾಂಡಿನ ಪಕ್ಕ ಈರಪ್ಪನವರ ವಾಚ್ ರಿಪೇರಿ ಅಂಗಡಿ ಇತ್ತು. ನನಗಿಂತ ಐದಾರು ವರ್ಷ ದೊಡ್ಡವರು. ಎಸ್ಸೆಸ್ಸೆಲ್ಸಿಗೇ ಓದು ನಿಂತಿದ್ದರೂ ರಸಾಯನಶಾಸ್ತ್ರದ ಹುಚ್ಚು ಬಿಟ್ಟಿರಲಿಲ್ಲ. ಅವರ ಗೆಳೆಯ, ರೇಡಿಯೋ ರಿಪೇರಿಯ ಸುಬ್ರಾಯರಿಗೂ ಅದೇ ಹುಚ್ಚು. ಭಾನುವಾರ ಇಬ್ಬರೂ ನನ್ನ ಲ್ಯಾಬಿಗೆ ಬರುತ್ತಿದ್ದರು. ಮೈಲುತುತ್ತದ ಹರಳು ಬೆಳೆಸಿದೆವು, ಬ್ಯಾಟರಿ ಹಚ್ಚಿ ಚಮಚಕ್ಕೆ ತಾಮ್ರದ ಲೇಪ ಹಾಕಿದೆವು. ಕ್ಲಾಸಿನಲ್ಲಿ ಆಕಳಿಸುವ ಅರವತ್ತು ಮುಖ ನೋಡಿ ಬೇಸತ್ತವನಿಗೆ, ಕಣ್ಣರಳಿಸಿ ಕೇಳುವ ಇಬ್ಬರು ಸಿಕ್ಕರೆ ಎಷ್ಟು ಸುಖ ಅಂತೀರಿ! ನಾನು ಹೇಳಿದ್ದನ್ನೆಲ್ಲ ಈರಪ್ಪ ಒಂದು ನೀಲಿ ರಟ್ಟಿನ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು.

೧೯೮೧ರ ಏಪ್ರಿಲ್‌ನಲ್ಲಿ ಅವರಿಗೆ ಥರ್ಮಿಟ್ ತೋರಿಸಿದೆ. ಅಲ್ಯುಮಿನಿಯಂ ಪುಡಿಯನ್ನೂ ಕಬ್ಬಿಣದ ಆಕ್ಸೈಡನ್ನೂ, ಅಂದರೆ ತುಕ್ಕನ್ನೂ, ಬೆರೆಸಿದ ಮಿಶ್ರಣವದು. ಒಮ್ಮೆ ಹತ್ತಿತೆಂದರೆ ಅಲ್ಯುಮಿನಿಯಂ ತುಕ್ಕಿನೊಳಗಿನ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ. ಶಾಖ ಎರಡು ಸಾವಿರ ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಕರಗಿದ ಕಬ್ಬಿಣ ತಳಕ್ಕಿಳಿಯುತ್ತದೆ. ಹೊರಗಿನ ಗಾಳಿ ಬೇಡವಾದ್ದರಿಂದ ಮುಚ್ಚಿ ಆರಿಸಲು ಬರುವುದಿಲ್ಲ. ರೈಲು ಹಳಿ ಬೆಸೆಯಲು ಇದನ್ನೇ ಬಳಸುತ್ತಾರೆ. ಅಳತೆ ಎಷ್ಟು, ಹೊತ್ತಿಸುವುದು ಹೇಗೆ ಎಂದು ಇಲ್ಲಿ ಬರೆಯುವುದಿಲ್ಲ, ಕೇಳಲೂಬೇಡಿ.

ಆ ಬಿಳಿ ಬೆಳಕು ಆರಿದ ಮೇಲೆ ಈರಪ್ಪ ತಣ್ಣಗಾದ ಕಬ್ಬಿಣದ ಉಂಡೆಯನ್ನು ಅಂಗೈಯಲ್ಲಿ ಹೊರಳಿಸಿ, "ತುಕ್ಕು ಹೋಗಿ ಮತ್ತೆ ಕಬ್ಬಿಣ ಆಯ್ತಲ್ಲ ಮೇಷ್ಟ್ರೇ!" ಅಂದರು. ಕತ್ತಿ, ಗುದ್ದಲಿ, ಬಾಗಿಲ ಚಿಲಕ ಎಲ್ಲವನ್ನೂ ಮಳೆಗಾಲ ತಿಂದುಹಾಕುವ ಊರಿನಲ್ಲಿ ಗಡಿಯಾರದ ಸಣ್ಣ ಚಕ್ರಗಳಿಂದ ತುಕ್ಕು ಕೆರೆಯುತ್ತಾ ಬದುಕುವ ಮನುಷ್ಯ ಅವರು. ಅದು ಅವರ ತಲೆಗೆ ಹತ್ತಿದ್ದರಲ್ಲಿ ಆಶ್ಚರ್ಯವೇನಿಲ್ಲ.

ತಾವೇ ಮಾಡಬೇಕು ಎಂದು ಹಟ ಹಿಡಿದರು. ಎರಡು ಸಲ ಬೇಡ ಅಂದೆ. ಜುಲೈ ಕೊನೆಯಲ್ಲಿ ನಾನು ಸಾಗರದ ಬಸ್ಸು ಹತ್ತುವಾಗ ನೋಟ್‌ಬುಕ್ ಹಿಡಿದು ಓಡಿಬಂದರು.

"ಮೇಷ್ಟ್ರೇ, ಥರ್ಮಿಟ್ಟಿನ ಅಡೀಗೆ ಎಂತ ಹಾಕ್ಬೇಕು?"

"ಮರಳು. ಒಂದು ಬಕೆಟ್ ಮರಳು ಹಾಕಿ, ದೂರ ನಿಲ್ಲಿ," ಅಂದೆ. ಅವರು ಬಾಗಿಲ ಬಳಿ ನಿಂತೇ ಬರೆದುಕೊಂಡರು. ಬಸ್ಸು ಹೊರಟಿತು.

ಮೂರನೇ ಸಲವೂ ಬೇಡ ಅನ್ನಬೇಕಿತ್ತು. ಶಿಷ್ಯ ಕೇಳಿದಾಗ ಉತ್ತರ ಗೊತ್ತಿರುವ ಮೇಷ್ಟ್ರು ಬಾಯಿ ಮುಚ್ಚಿಕೊಂಡಿರುವುದು ಕಷ್ಟ. ಅದು ಜಂಬ, ಬೇರೆ ಏನೂ ಅಲ್ಲ.

ಆಗಸ್ಟಿನ ಒಂದು ಭಾನುವಾರ ಮಧ್ಯಾಹ್ನ ಮಳೆ ನಿಂತು ಸ್ವಲ್ಪ ಹೊಳವಾಯಿತು. ಸುಮಾರು ಮೂರು ಗಂಟೆಗೆ ಈರಪ್ಪನವರ ಹಿತ್ತಲಿನಿಂದ ಸದ್ದು ಕೇಳಿತು. ನನ್ನ ಬಾಡಿಗೆ ಮನೆ ಅಲ್ಲಿಂದ ಮೂರನೆಯದು. ಓಡಿದೆ. ಸುಬ್ರಾಯರ ತೋಳು ಸುಟ್ಟಿತ್ತು. ಈರಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿ ಕೂತಿದ್ದರು. ಹೆಂಡತಿ ಗೌರಮ್ಮ ಕೊಡದಿಂದ ಅವರ ಮುಖಕ್ಕೆ ನೀರು ಹೊಯ್ಯುತ್ತಿದ್ದರು. ನೆಲದಲ್ಲಿ ಬಿದ್ದಿದ್ದ ಮರಳನ್ನು ಮುಟ್ಟಿದೆ. ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಒದ್ದೆ. ಸೂರಿನಡಿ ಕೂಡಿಟ್ಟ ಹೊಳೆ ಮರಳು, ಎರಡು ತಿಂಗಳು ಇರಚಲು ಕುಡಿದಿತ್ತು.

ಏನಾಯಿತೆಂದು ನನಗೆ ಆ ಕ್ಷಣವೇ ತಿಳಿಯಿತು. ಕರಗಿದ ಕಬ್ಬಿಣ ಒದ್ದೆ ಮರಳಿಗಿಳಿದರೆ ಅದರಲ್ಲಿನ ನೀರು ಒಮ್ಮೆಲೇ ಆವಿಯಾಗಿ ಸಾವಿರ ಪಟ್ಟಿಗೂ ಮಿಕ್ಕಿ ಹಿಗ್ಗುತ್ತದೆ, ಆ ಕಬ್ಬಿಣವನ್ನೇ ಮೇಲಕ್ಕೆ ಎರಚುತ್ತದೆ. ಏಪ್ರಿಲ್‌ನಲ್ಲಿ ನಾನು ಅಡಿಗೆ ಹಾಕಿದ್ದ ಮರಳು ಬೇಸಿಗೆಗೆ ತಾನಾಗಿಯೇ ಒಣಗಿತ್ತು. ನಮ್ಮೂರಿನಲ್ಲಂತೂ ಮರಳು ಅಂದರೆ ಒಣಗಿದ್ದೇ. ಮರಳನ್ನು ಒಣಗಿಸಬೇಕು ಎಂಬ ಮಾತು ನನ್ನ ಬಾಯಿಗೆ ಬರಲೇ ಇಲ್ಲ.

ಸರ್ಕಾರಿ ಆಸ್ಪತ್ರೆಯ ಡಾಕ್ಟರು ಸುಬ್ರಾಯರ ತೋಳಿಗೆ ಮುಲಾಮು ಹಚ್ಚಿದರು. ಈರಪ್ಪನವರ ಕಣ್ಣು ತೊಳೆದು ಪಟ್ಟಿ ಕಟ್ಟಿ, "ಇದು ನನ್ನ ಕೈಲಾಗೋದಲ್ಲ. ಘಟ್ಟ ಇಳಿದು ದೊಡ್ಡಾಸ್ಪತ್ರೆಗೆ ಹೋಗಿ. ತಡ ಮಾಡಿದಷ್ಟೂ ಕಷ್ಟ," ಅಂದರು. ಈರಪ್ಪ, ಗೌರಮ್ಮ, ನಾನು ಬಾಡಿಗೆ ಅಂಬಾಸಿಡರ್‌ನಲ್ಲಿ ನಾಲ್ಕೂಕಾಲಿಗೆ ಹೊರಟೆವು. ಹುಲಿಕಲ್ ದಾಟಿದ ಮೇಲೆ ರಸ್ತೆಗೆ ಅಡ್ಡಲಾಗಿ ಮರ ಬಿದ್ದಿತ್ತು. ಆಚೆ ಒಂದು ಲಾರಿ, ಈಚೆ ನಾವು. ಮಳೆ ಮತ್ತೆ ಹಿಡಿದುಕೊಂಡಿತು. ಇದ್ದದ್ದು ಲಾರಿಯವರ ಒಂದೇ ಕೊಡಲಿ. ಲಾರಿಯವರೂ ನಮ್ಮ ಡ್ರೈವರನೂ ನಾನೂ ಸರದಿ ಹಾಕಿ ಕಡಿದೆವು. ಸೀಮೆಸುಣ್ಣ ಹಿಡಿದ ನನ್ನ ಕೈ ಬೊಬ್ಬೆ ಬಂದು ಒಡೆಯಿತು, ಮರ ಕದಲಲಿಲ್ಲ.

ಕಾರಿನ ಹತ್ತಿರ ಹೋದಾಗಲೆಲ್ಲ ಈರಪ್ಪ ಕೇಳುವುದು ಒಂದೇ: "ಗಂಟೆ ಎಷ್ಟಾಯ್ತು ಮೇಷ್ಟ್ರೇ?" ಊರಿಗೆಲ್ಲ ಗಂಟೆ ಸರಿಮಾಡಿ ಕೊಡುತ್ತಿದ್ದವರು. ನಾನು ಪ್ರತಿ ಸಲವೂ ಅರ್ಧ ಗಂಟೆ ಕಡಿಮೆ ಹೇಳಿದೆ.

ಗೌರಮ್ಮ ನನ್ನ ತೋಳು ಹಿಡಿದು, "ಕಣ್ಣು ಉಳೀತದಾ? ನೀವು ಓದ್ದೋರು, ಹೇಳಿ," ಅಂದರು. ಮತ್ತೆ ಕೊಡಲಿ ತೆಗೆದುಕೊಂಡೆ. ಮರದ ಮೇಲೆ, ಮಳೆಯ ಮೇಲೆ, ನನ್ನ ಮೇಲೆ ಬಂದ ಸಿಟ್ಟಿಗೆ ಲೆಕ್ಕವಿರಲಿಲ್ಲ. ಜೀವನದಲ್ಲಿ ಅಷ್ಟು ಹತಾಶನಾಗಿ ನಾನು ಮತ್ತೆಂದೂ ನಿಂತಿಲ್ಲ. ದಾರಿ ಬಿಡುವಷ್ಟರಲ್ಲಿ ಎರಡೂವರೆ ಗಂಟೆ ಹೋಗಿತ್ತು.

ದೊಡ್ಡಾಸ್ಪತ್ರೆಯಲ್ಲಿ ಬಲಗಣ್ಣು ತೆಗೆದರು. ಎಡಗಣ್ಣಿಗೆ ಬೆಳಕು ಬಂದದ್ದು ಹೋದದ್ದು ತಿಳಿಯುತ್ತದೆ, ಅಷ್ಟೇ ಎಂದರು.

ಹತ್ತು ದಿನ ಬಿಟ್ಟು ನೋಡಲು ಹೋದೆ. ಗೌರಮ್ಮ ಊಟ ತರಲು ಕೆಳಗೆ ಹೋಗಿದ್ದರು. ದಿಂಬಿನಡಿಯಿಂದ ನೀಲಿ ನೋಟ್‌ಬುಕ್ ತೆಗೆದು ಈರಪ್ಪ ನನ್ನ ಕಡೆ ಚಾಚಿದರು.

"ಓದಿ ಮೇಷ್ಟ್ರೇ. ಎಲ್ಲಿ ತಪ್ದೆ ಅಂತ ಗೊತ್ತಾಗ್ಬೇಕು."

ಕೊನೆಯ ಪುಟ ತೆರೆದೆ. ಮಣಿ ಪೋಣಿಸಿದಂಥ ಅಕ್ಷರ: "ಅಡಿಗೆ ಒಂದು ಬಕೆಟ್ ಮರಳು ಹಾಕಬೇಕು. ದೂರ ನಿಲ್ಲಬೇಕು." ನಾನು ಗಟ್ಟಿಯಾಗಿ ಓದಿದ್ದು: "ಅಡಿಗೆ ಒಂದು ಬಕೆಟ್ ಒಣ ಮರಳು ಹಾಕಬೇಕು."

ಅವರು "ಒಣ ಮರಳು. ಹಂಗಾರೆ ತಪ್ಪು ನಂದೇ," ಅಂದರು.

ಸರಿಪಡಿಸಲು ಒಂದು ಗಳಿಗೆ ಸಮಯವಿತ್ತು. ನಾನು ನೋಟ್‌ಬುಕ್ ಮುಚ್ಚಿ ದಿಂಬಿನಡಿ ಇಟ್ಟು ಬಂದೆ. ಕೆಲಸ ಹೋದೀತು, ಊರವರು ಏನೆಂದಾರು ಎಂಬ ಭಯ. ಒಂದೂ ಅಕ್ಷರ ಕಾಣದವರ ಮುಂದೆ ಅವರದ್ದೇ ಬರಹವನ್ನು ತಪ್ಪಾಗಿ ಓದಿದೆ. ಇದಕ್ಕಿಂತ ಹೀನ ಕೆಲಸ ನಾನು ಮಾಡಿಲ್ಲ.

ಮೂರು ವಾರ ಊಟ ರುಚಿಸಲಿಲ್ಲ, ಪಾಠ ಮಾಡಲು ಮನಸ್ಸಿರಲಿಲ್ಲ. ಅವರು ಮನೆಗೆ ಬಂದ ಮರುದಿನ ಬೆಳಿಗ್ಗೆ ಹೋದೆ. ಜಗಲಿಯಲ್ಲಿ ಬಿಸಿಲಿಗೆ ಮುಖ ಮಾಡಿ ಕೂತಿದ್ದರು. ಗೌರಮ್ಮನನ್ನೂ ಕರೆದು ಕೂರಿಸಿ ಎಲ್ಲ ಹೇಳಿದೆ. ಒಣ ಅಂತ ನಾನು ಹೇಳಿರಲಿಲ್ಲ, ಪುಸ್ತಕದಲ್ಲೂ ಇಲ್ಲ, ಆವತ್ತು ಸುಳ್ಳು ಓದಿದೆ ಎಂದೆ.

ಗೌರಮ್ಮ ಎದ್ದು ಒಳಗೆ ಹೋದರು. ನಾನು ಆ ಊರು ಬಿಡುವ ತನಕ ಅವರು ನನ್ನೊಡನೆ ಮಾತಾಡಲಿಲ್ಲ. ಅದು ನ್ಯಾಯವೇ.

ಈರಪ್ಪ ಮಾತ್ರ ತಲೆ ಅಲ್ಲಾಡಿಸಿದರು. "ಗೊತ್ತಿತ್ತು ಮೇಷ್ಟ್ರೇ. ಬರ್ದವ ನಾನೇ ಅಲ್ವಾ? ನೀವು ಹೇಳಿದ್ದು ಒಂದಕ್ಷರ ಬಿಟ್ಟವನಲ್ಲ ನಾನು. ಹಾಸಿಗೇಲಿ ಬಿದ್ಕೊಂಡು ಅದೇ ಸಾಲು ಎಷ್ಟು ಸಲ ಹೇಳ್ಕೊಂಡಿದ್ನೋ. ನೀವು ಎಂತ ಓದ್ತೀರಿ ಅಂತ ನೋಡ್ಬೇಕಿತ್ತು."

ನಾನು ಅತ್ತೆ. ಅವರು ನನ್ನನ್ನು ಅಳಲು ಬಿಟ್ಟು, ಆಮೇಲೆ ನೋಟ್‌ಬುಕ್ ತರಿಸಿದರು. "ಸುಬ್ರಾಯ ಇದನ್ನ ಓದ್ತಾನೆ. ನಾಳೆ ಇನ್ಯಾರೋ ಓದ್ತಾರೆ. ಬಿಟ್ಟಿದ್ದು ಸೇರ್ಸಿ ಬರೀರಿ."

ಆಮೇಲೆ ಇಪ್ಪತ್ತಮೂರು ವರ್ಷ ಪಾಠ ಮಾಡಿದೆ, ತೀರ್ಥಹಳ್ಳಿಯಲ್ಲಿ ನಿವೃತ್ತನಾದೆ. ಥರ್ಮಿಟ್ಟನ್ನು ಮತ್ತೆ ಯಾರಿಗೂ ತೋರಿಸಲಿಲ್ಲ. ಏನನ್ನೇ ಕಲಿಸುವ ಮೊದಲು, ಇದು ಹೇಳದೆಯೂ ಗೊತ್ತಿರುತ್ತದೆ ಎಂದು ನನಗೆ ಅನ್ನಿಸಿದ್ದನ್ನು ಹುಡುಕಿ ಅದನ್ನೇ ಮೊದಲು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಮೇಷ್ಟ್ರಿಗೆ ಅರಳುಮರಳು ಎಂದು ಮಕ್ಕಳು ನಕ್ಕದ್ದೂ ಉಂಟು. ಈರಪ್ಪ ತೀರಿಕೊಂಡ ಮೇಲೆ ಆ ನೀಲಿ ನೋಟ್‌ಬುಕ್ ಸುಬ್ರಾಯರ ಬಳಿ ಇದೆ. ನೂರಿಪ್ಪತ್ತು ಪುಟ ಈರಪ್ಪನವರ ಅಕ್ಷರ. ಕೊನೆಯ ಪುಟದಲ್ಲಿ ಒಂದೇ ಒಂದು ಪದ ನನ್ನದು.